ತಬ್ಬಲಿ ಮಗುವಿನ ಹೆಸರು

ಕುಷ್ಟಗಿಯ ಸೀಮೆಯಲ್ಲಿ ಬೆಳೆದ ವಾಚಕರಿಗೆ ಮಾಳಿಗೆಮನೆಯೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ದಪ್ಪನಾದ ಕಲ್ಲಿನ ಗೋಡೆ, ಅದರ ಮೇಲೆ ತೊಲೆ ಜಂತಿ, ಜಂತಿಯ ಮೇಲೆ ಹೇರಿದ ಮಣ್ಣು. ಬೇಸಗೆಯ ಬಿಸಿಲಿಗೆ ಇದರಷ್ಟು ತಂಪಾದ ಆಸರೆ ಬೇರೆ ಉಂಟೆ? ಇಲ್ಲಿಂದ ಬಡಗಣಕ್ಕೆ, ನೆಟ್ಟಗೆ ಅಳೆದರೆ, ಸುಮಾರು 250 ಕಿಲೋಮೀಟರು ದೂರದ ಕಿಲ್ಲಾರಿಯಲ್ಲಿಯೂ ಮನೆಗಳು ಬಹುಮಟ್ಟಿಗೆ ಹೀಗೆಯೇ ಇದ್ದವು. 1956ರವರೆಗೆ ಕುಷ್ಟಗಿಯೂ ಕಿಲ್ಲಾರಿಯೂ ಒಂದೇ ಹೈದರಾಬಾದು ರಾಜ್ಯದ ಊರುಗಳು. ಆಮೇಲೆ ಒಂದು ನಮ್ಮ ಕಡೆಗೆ ಬಂದಿತು, ಇನ್ನೊಂದು ಮರಾಠಿ ಸೀಮೆಗೆ ಸೇರಿತು.

1993ನೆಯ ಇಸವಿ ಸೆಪ್ಟೆಂಬರ್ 30ರ ಬೆಳಗಿನ ಜಾವ. ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ದಣಿದು ಮಲಗಿದ್ದರು. ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ ನೆಲ ನಡುಗಿತು. ಕಂಪನದ ಪ್ರಮಾಣ 6ಕ್ಕಿಂತ ತುಸು ಹೆಚ್ಚು. ಲೋಕದ ಮಹಾಕಂಪಗಳ ಮುಂದೆ ಇದು ದೊಡ್ಡದೇನಲ್ಲ. ಆದರೆ ಅದರ ಮೂಲ ಹೆಚ್ಚು ಆಳದಲ್ಲಿರಲಿಲ್ಲ. ಕೆಸರಿಟ್ಟು ಕಟ್ಟಿದ ಗೋಡೆಗಳು ಬಿರಿದವು; ಮಾಳಿಗೆಯ ಭಾರವೆಲ್ಲ ಮಲಗಿದ್ದವರ ಮೇಲೆ ಕುಸಿಯಿತು. ಕಿಲ್ಲಾರಿ, ಸಾಸ್ತೂರು ಮೊದಲಾದ ಊರುಗಳಲ್ಲಿ ಮಡಿದವರು ಸುಮಾರು 8,000ದಿಂದ 10,000. ಅಂದಿನ ಭೂಕಂಪ ನಕ್ಷೆಯಲ್ಲಿ ಈ ಪ್ರದೇಶ ತೀರ ಕಡಿಮೆ ಅಪಾಯದ ವಲಯದಲ್ಲಿದ್ದಿತೆಂಬುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ.

ಸೈನಿಕರು ಬಂದರು, ವೈದ್ಯರು ಬಂದರು, ಹಲವೆಡೆಗಳಿಂದ ಸ್ವಯಂಸೇವಕರೂ ಬಂದರು. ಗಾಯಕ್ಕೆ ಪಟ್ಟಿ ಕಟ್ಟಬಹುದು, ಹಸಿವಿಗೆ ಅನ್ನ ನೀಡಬಹುದು. ಆದರೆ ಹೆತ್ತವರನ್ನು ಕಳೆದುಕೊಂಡ ಮಗುವಿಗೆ ಏನು ಮಾಡತಕ್ಕದ್ದು? ಭಾರತೀಯ ಜೈನ ಸಂಘಟನೆಯ ಶಾಂತಿಲಾಲ್ ಮುತ್ಥಾ ಅವರು ಭೂಕಂಪದಲ್ಲಿ ನೊಂದ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು, ಊಟ ವಸತಿಗಳೊಂದಿಗೆ ವಿದ್ಯೆಯ ಏರ್ಪಾಡನ್ನೂ ಮಾಡಿದರು. ಪುಣೆಯ ಬಳಿಯ ವಾಘೋಲಿಯಲ್ಲಿ ಬೆಳೆದ ಅವರ ಸಂಸ್ಥೆ, ಮುಂದೆ ಮೇಳಘಾಟದ ಗಿರಿಜನರ ಮಕ್ಕಳಿಗೂ, ಆತ್ಮಹತ್ಯೆ ಮಾಡಿಕೊಂಡ ರೈತರ ಮಕ್ಕಳಿಗೂ ಆಸರೆಯಾಯಿತು. ಮರುಕ ಒಂದು ವಾರಕ್ಕೆ ಆರಿಹೋಗದೆ ವರ್ಷಗಟ್ಟಲೆ ನಿಂತದ್ದು ಇಲ್ಲಿಯ ಹಿರಿಮೆ.

ಆದರೆ ಮರುಕದ ಸೋಗಿನಲ್ಲಿ ಮೋಸವೂ ಬರುತ್ತದೆ, ವಾಚಕರೆ. 2015ರ ಏಪ್ರಿಲ್‌ನಲ್ಲಿ ನೇಪಾಳ ನಡುಗಿ ಸುಮಾರು 9,000 ಜನ ಸತ್ತಾಗ, ಮಕ್ಕಳನ್ನು ಸಾಗಿಸುವವರ ಭಯದಿಂದ ಅಲ್ಲಿನ ಸರಕಾರವು ಅಪ್ಪಣೆಯಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದಾಚೆಗೆ ಒಯ್ಯಬಾರದೆಂದು ತಡೆಯಿತು. ಪರದೇಶದವರು ದತ್ತು ತೆಗೆದುಕೊಳ್ಳುವುದನ್ನೂ ನಿಲ್ಲಿಸಿತು. ನಮ್ಮ 2015ರ ಬಾಲನ್ಯಾಯ ಕಾಯಿದೆಯಂತೆ, ದಿಕ್ಕಿಲ್ಲದ ಮಗು ಸಿಕ್ಕರೆ 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಬಂಧುಗಳನ್ನು ಹುಡುಕಿ ನೋಡಿದ ಮೇಲೆಯೇ ದತ್ತಿನ ಮಾತು.

ಈ ಕಟ್ಟಳೆ ಕಲ್ಲೆದೆಯದಲ್ಲ. ಅವ್ವ ಅಪ್ಪ ಹೋದರೂ ಎಲ್ಲಿಯೋ ಒಬ್ಬ ಅಜ್ಜಿ, ಒಬ್ಬ ಸೋದರಮಾವ, ಒಬ್ಬ ದೊಡ್ಡಪ್ಪ ಉಳಿದಿರಬಹುದು. ಮಗುವಿಗೆ ತನ್ನ ಊರ ಹೆಸರು ನೆನಪಿರುವಾಗಲೇ ಕೇಳಿ ಬರೆದಿಟ್ಟರೆ ಆ ದಾರಿ ತೆರೆದಿರುತ್ತದೆ. ಬರೆಯದೆ ಬೇರೆ ಊರಿಗೆ ಒಯ್ದರೆ, ಭೂಮಿ ಉಳಿಸಿಹೋದ ನಂಟನ್ನು ನಾವೇ ಕಡಿದಂತಾಗುತ್ತದೆ.

ಎಂದಾದರೂ ಇಂಥ ತಂಡದೊಡನೆ ಹೊರಡುವ ಪ್ರಸಂಗ ನಿಮಗೆ ಬಂದರೆ, ಬುತ್ತಿಯ ಜೊತೆಗೆ ಒಂದು ವಹಿಯನ್ನೂ ಪೆನ್ಸಿಲನ್ನೂ ಇಟ್ಟುಕೊಳ್ಳಿರಿ. ಮಗುವನ್ನು ಎತ್ತಿಕೊಳ್ಳಿರಿ, ಉಣ್ಣಿಸಿರಿ. ಹಾಗೆಯೇ ಅದರ ಹೆಸರನ್ನೂ, ಓಣಿಯನ್ನೂ, ಅಜ್ಜಿಯ ಊರನ್ನೂ ಮೆಲ್ಲಗೆ ಕೇಳಿ ಬರೆದುಕೊಳ್ಳಿರಿ.