ಹೆಣ್ಣೋ ಗಂಡೋ, ಲೆಕ್ಕ ಯಾರದು?

ಮುರುಗಮಲ್ಲ, ಚಿಂತಾಮಣಿ, ಶಿಡ್ಲಘಟ್ಟದ ಸುತ್ತೆಲ್ಲ ರೇಷ್ಮೆಯ ಸೀಮೆ. ಬಿತ್ತನೆ ಗೂಡಿನ ಕೆಲಸ ಬಲ್ಲವರಿಗೆ ಸಂತಾನಶಾಸ್ತ್ರದ ಮೊದಲ ಪಾಠ ಹೇಳಿಕೊಡಬೇಕಿಲ್ಲ. ಮೈಸೂರು ತಳಿಯ ಹೆಣ್ಣುಚಿಟ್ಟೆಗೆ ದ್ವಿತಳಿಯ ಗಂಡನ್ನು ಕೂಡಿಸಿದರೆ ಮಿಶ್ರತಳಿ ಮೊಟ್ಟೆ ಸಿಗುತ್ತದೆ, ಹುಳುವಿಗೆ ಎರಡೂ ಕಡೆಯ ಗುಣ ಬರುತ್ತದೆ. ಮನುಷ್ಯರ ವಿಷಯದಲ್ಲಿ ಇದೇ ಮಾತು ಸ್ಥಿರಪಡಲು ಇನ್ನೂರು ವರ್ಷ ಹಿಡಿಯಿತು.

ಗರ್ಭ ನಿಲ್ಲಲು ಋತು, ಕ್ಷೇತ್ರ, ಅಂಬು, ಬೀಜ ನಾಲ್ಕೂ ಕೂಡಬೇಕು ಎಂದಿತ್ತು ಸುಶ್ರುತ ಸಂಹಿತೆ. ಜನರ ಬಾಯಲ್ಲಿ ಉಳಿದದ್ದು ಎರಡೇ. ಬೀಜ ಗಂಡಿನದು, ಹೊಲ ಹೆಣ್ಣಿನದು. ಬೆಳೆ ಬಾರದಿದ್ದರೆ ದೂರು ಹೊಲದ ಮೇಲೆ. ಯುರೋಪಿನ ಪಂಡಿತರೂ ಇದಕ್ಕಿಂತ ಜಾಣರೇನಲ್ಲ. 1677ರಲ್ಲಿ ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣು ಕಂಡ ಮೇಲೆ, ಅದರೊಳಗೆ ಇಡೀ ಮಗುವೇ ಮುದುಡಿ ಕೂತಿದೆ ಎಂದವರಿದ್ದರು. ಅಲ್ಲ, ಮಗು ಇರುವುದು ಹೆಣ್ಣಿನ ಮೊಟ್ಟೆಯಲ್ಲಿ ಎಂದು ಇನ್ನೊಂದು ಪಂಗಡ ಹಟ ಹಿಡಿಯಿತು. ಆದರೆ ಸಸ್ತನಿಯ ಅಂಡಾಣುವನ್ನು ಕಣ್ಣಾರೆ ಕಂಡವರಿರಲಿಲ್ಲ. ನಾಯಿಯ ಅಂಡಾಶಯದಲ್ಲಿ ಫಾನ್ ಬೇರ್ ಅದನ್ನು ಗುರುತಿಸಿದ್ದು 1827ರಲ್ಲಿ. ವೀರ್ಯಾಣು, ಅಂಡಾಣು ಎರಡರ ಕೋಶಕೇಂದ್ರಗಳು ಒಂದಾಗುವುದನ್ನು 1870ರ ದಶಕದಲ್ಲಿ ಆಸ್ಕರ್ ಹರ್ಟ್‌ವಿಗ್ ಕಡಲ ಮುಳ್ಳುಜೀವಿಯಲ್ಲಿ ತೋರಿಸಿದ ಮೇಲೆಯೇ ಜಗಳ ತಣ್ಣಗಾದದ್ದು.

ಇನ್ನು ಹೆಣ್ಣೋ ಗಂಡೋ ಎಂಬುದು. 1905ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಹಿಟ್ಟಿನ ಹುಳುಗಳನ್ನು ಪರೀಕ್ಷಿಸಿ, ಲಿಂಗವನ್ನು ತೀರ್ಮಾನಿಸುವುದು ವೀರ್ಯಾಣುವಿನ ವರ್ಣತಂತು ಎಂದು ಕಂಡುಕೊಂಡರು. ಮನುಷ್ಯರದೂ ಅದೇ ದಾರಿ: ತಾಯಿಯ ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್, ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ರೇಷ್ಮೆ ಚಿಟ್ಟೆಯಲ್ಲಿ ಮಾತ್ರ ಇದು ತಿರುವುಮುರುವು, ಅಲ್ಲಿ ತೀರ್ಮಾನ ತಾಯಿಯದು. ಹೆಣ್ಣು ಹೆತ್ತಳೆಂದು ದೂರಲೇಬೇಕಿದ್ದರೆ ಚಿಟ್ಟೆಯನ್ನು ದೂರಬಹುದು, ಸೊಸೆಯನ್ನಲ್ಲ.

ಹಾರ್ಮೋನುಗಳ ಚರಿತ್ರೆಗೂ ನಮ್ಮ ಚಿಟ್ಟೆಗೂ ನಂಟಿದೆ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ 1929ರಲ್ಲಿ ಗರ್ಭಿಣಿಯರ ಮೂತ್ರದಿಂದ ಸ್ತ್ರೀ ಹಾರ್ಮೋನು ಈಸ್ಟ್ರೋನನ್ನು ಬೇರ್ಪಡಿಸಿದರು. 1931ರಲ್ಲಿ ಪೊಲೀಸರ ಮೂತ್ರವನ್ನು ಸಾವಿರಾರು ಲೀಟರ್ ಕೂಡಿಸಿ ಪುರುಷ ಹಾರ್ಮೋನು ತೆಗೆದರು. ಅದೇ ಮನುಷ್ಯ 1959ರಲ್ಲಿ ಸುಮಾರು ಐದು ಲಕ್ಷ ಹೆಣ್ಣು ರೇಷ್ಮೆಚಿಟ್ಟೆಗಳಿಂದ, ಗಂಡನ್ನು ಕರೆಯುವ ವಾಸನೆಯ ದ್ರವ್ಯ ಬಾಂಬಿಕಾಲನ್ನು ಪತ್ತೆಮಾಡಿದರು.

ಸಂತಾನದ ಈ ತಿಳಿವಳಿಕೆಯನ್ನು ಆಸ್ಪತ್ರೆಯ ಬಾಗಿಲಿಗೆ ತರುವುದರಲ್ಲಿ ಮೈಸೂರು ಸಂಸ್ಥಾನ ಮುಂದಿತ್ತು. 1930ರಲ್ಲೇ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಿತು. ಋತುಚಕ್ರದ ನಡುವೆ ಅಂಡಾಣು ಹೊರಬೀಳುತ್ತದೆಂದು 1920ರ ದಶಕದಲ್ಲಿ ಒಗಿನೊ ಮತ್ತು ಕ್ನಾಸ್ ಲೆಕ್ಕ ಹಾಕಿದ್ದರಷ್ಟೆ. ಅದನ್ನು ನಂಬಿ 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ‘ಸುರಕ್ಷಿತ ದಿನ’ಗಳ ಪ್ರಯೋಗ ನಡೆಯಿತು. ದಿನ ಎಣಿಸಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ಉಪಾಯವೇನೋ ಚೆಂದವೇ, ಆದರೆ ಎಣಿಸುವ ಹೊಣೆ ಮಾತ್ರ ಅವಳ ಕೊರಳಿಗೇ ಬಿತ್ತು.

ಗಂಡಸರ ಕಡೆ ನೋಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಆರ್. ಮೌದ್ಗಲ್. ವೀರ್ಯಾಣು ತಯಾರಿಸಲು ವೃಷಣವನ್ನು ಪ್ರಚೋದಿಸುವ ಎಫ್‌ಎಸ್‌ಎಚ್ ಹಾರ್ಮೋನಿಗೆ ತಡೆಯೊಡ್ಡುವ ಲಸಿಕೆಯನ್ನು ನಮ್ಮ ಕಡೆಯ ಕೋತಿಗಳ ಮೇಲೆ ಪರೀಕ್ಷಿಸಿ, 1990ರ ದಶಕದಲ್ಲಿ ಕೆಲವು ಸ್ವಯಂಸೇವಕರ ಮೇಲೂ ಪ್ರಯೋಗಿಸಿದರು. ಅದು ಔಷಧಿ ಅಂಗಡಿಯವರೆಗೆ ಬರಲಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮಕ್ಕಳಾಗದಂತೆ ‘ಆಪರೇಷನ್’ ಆಗಿದೆ. ಗಂಡಸರದ್ದು ನೂರಕ್ಕೆ ಒಂದೂ ಇಲ್ಲ. ಗಂಡಸು ದುಡಿಯಬೇಕಲ್ಲ ಎನ್ನುವುದು ಸಿದ್ಧ ಉತ್ತರ, ಹೆಂಗಸು ದುಡಿಯುವುದೇ ಇಲ್ಲವೇನೋ ಎಂಬಂತೆ. ಅಂಡನಾಳ ಇರುವುದು ಹೊಟ್ಟೆಯೊಳಗೆ. ವೀರ್ಯನಾಳವಾದರೋ ಚರ್ಮದಡಿಯಲ್ಲೇ ಬೆರಳಿಗೆ ಸಿಗುತ್ತದೆ, ಕಟ್ಟಲು ಕೆಲವು ನಿಮಿಷ ಸಾಕು. ವೃಷಣದ ಹಾರ್ಮೋನು ರಕ್ತಕ್ಕೇ ಸೇರುವುದರಿಂದ ಗಂಡಸುತನಕ್ಕೆ ಕುಂದೇನೂ ಬರುವುದಿಲ್ಲ.