ಕಮಾನು ಎಷ್ಟು ಬಾಗಬೇಕು?

ವಾಹನ ನಿರ್ವಹಣೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದಾಗ ‘ಲೀಫ್ ಸ್ಪ್ರಿಂಗ್’ ಎಂಬಲ್ಲಿ ಸಿಕ್ಕಿಕೊಂಡೆ. ‘ಎಲೆ ಸುರುಳಿ’ ಎಂದು ಬರೆದು ತಕ್ಷಣ ಹೊಡೆದುಹಾಕಿದೆ. ಅದು ಎಲೆಯೂ ಅಲ್ಲ, ಸುರುಳಿಯೂ ಅಲ್ಲ. ಲಾರಿಯ ಚಕ್ರದ ಹಿಂದೆ ಒಂದರ ಮೇಲೊಂದು ಅಡಕಿಟ್ಟ ಬಾಗಿದ ಉಕ್ಕಿನ ಪಟ್ಟಿಗಳನ್ನು ನೀವು ನೋಡಿರುತ್ತೀರಿ, ಅದು. ನಿಘಂಟು ಮುಚ್ಚಿ, ಮಲ್ಕಾಜ್‌ಗಿರಿಯ ನಮ್ಮ ಮನೆಯ ಹತ್ತಿರದ ಗ್ಯಾರೇಜಿಗೆ ಹೋದೆ.

ಅಲ್ಲಿ ಹಳೆಯ ಮಹೀಂದ್ರ ಜೀಪೊಂದನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದರು. ಪಟ್ಟಿಗಳ ಕಟ್ಟು ಬಿಚ್ಚಿ ನೆಲದ ಮೇಲಿತ್ತು. ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದೆ. ಮೆಕ್ಯಾನಿಕ್ ಉರ್ದುವಿನಲ್ಲಿ ‘ಕಮಾನಿ’ ಎಂದರು. ಜೀಪಿನ ಯಜಮಾನರು ತೆಲುಗಿನಲ್ಲಿ ‘ಕಮಾನ್ ಕಟ್ಟಲು’ ಎಂದರು. ನನಗೆ ನಗು ಬಂತು, ಏಕೆಂದರೆ ಆ ಪದ ಕನ್ನಡದಲ್ಲೂ ಇದೆ. ಬಾಗಿಲ ಮೇಲಿನ ಅರ್ಧಚಂದ್ರ ಕಮಾನು, ಪಿಟೀಲು ನುಡಿಸುವ ಕೋಲು ಕಮಾನು. ಪಾರಸಿಯಲ್ಲಿ ‘ಕಮಾನ್’ ಎಂದರೆ ಬಿಲ್ಲು. ಇಂಗ್ಲಿಷಿನವರು ಈ ವಸ್ತುವಿನ ತೆಳುವನ್ನು ನೋಡಿ ಎಲೆ ಎಂದರು; ನಮ್ಮ ಕಡೆಯವರು ಅದು ಮಾಡುವ ಕೆಲಸವನ್ನು ನೋಡಿ ಬಿಲ್ಲು ಎಂದರು. ಬಾಗಬೇಕು, ಮತ್ತೆ ಮೊದಲಿನಂತಾಗಬೇಕು.

ಆ ಯಜಮಾನರಿಗೆ ಬೇಕಾಗಿದ್ದದ್ದು ಜೀಪು ಎತ್ತರವಾಗುವುದು, ಕಮಾನು ಮೆತ್ತಗಾಗುವುದು. ಎರಡು ಪಟ್ಟಿ ತೆಗೆಸುತ್ತಿದ್ದರು. ನಾನು ಚಿಕ್ಕಂದಿನಲ್ಲಿ ಕಂಡದ್ದು ಇದಕ್ಕೆ ಪೂರ್ತಿ ತಿರುವುಮುರುವು. ಚಿಕ್ಕಮಗಳೂರು ಕಡೆಯ ನಮ್ಮ ಮಾವನ ಜೀಪಿಗೆ ವರ್ಷ ವರ್ಷ ಪಟ್ಟಿ ಸೇರಿಸುತ್ತಿದ್ದರು. ಒಂದೇ ವಾಹನ, ಒಂದೇ ಉಕ್ಕು, ಎದುರುಬದುರು ಬಯಕೆ. ಈ ಎರಡರ ನಡುವೆ ನಮ್ಮ ನಾಡಿನ ಜೀಪಿನ ಚರಿತ್ರೆಯೇ ಇದೆ ಅನ್ನಿಸಿತು.

ಮೊದಲಿಗೆ ಹೋಗೋಣ. 1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ ಒಂದು ಹಗುರ ವಾಹನ ಬೇಕೆಂದು ಕಾರು ತಯಾರಕರನ್ನು ಕೇಳಿತು. ಅದು ಹೊರಬೇಕಾದ ಭಾರ 600 ಪೌಂಡ್, ಅಂದರೆ ಸುಮಾರು 272 ಕಿಲೋ. ಹಾಗೆ ಹುಟ್ಟಿದ ವಿಲ್ಲಿಸ್ ಜೀಪನ್ನು ‘ಕಾಲು ಟನ್’ ವರ್ಗಕ್ಕೆ ಸೇರಿಸಿದರು. ಅದರ ನಾಲ್ಕೂ ಚಕ್ರಕ್ಕೆ ಒಂದೊಂದು ಕಮಾನು, ಪಟ್ಟಿಯ ಅಗಲ ಒಂದೂಮುಕ್ಕಾಲು ಇಂಚು. ಕಮಾನು ಆಕ್ಸಲ್‌ನ ಕೆಳಗಿತ್ತು, ಹಾಗಾಗಿ ಗಾಡಿ ನೆಲಕ್ಕೆ ಹತ್ತಿರವಾಗಿ ಕೂರುತ್ತಿತ್ತು.

ಯುದ್ಧ ಮುಗಿದ ಮೇಲೆ ಸೇನೆ ವಿಲೇವಾರಿ ಮಾಡಿದ ಜೀಪುಗಳು ಭಾರತದಲ್ಲಿ ಮಾರಾಟಕ್ಕೆ ಬಂದವು. 1945ರಲ್ಲಿ ಮಹೀಂದ್ರ ಸಹೋದರರು ಮತ್ತು ಮಲಿಕ್ ಗುಲಾಮ್ ಮೊಹಮ್ಮದ್ ಸೇರಿ ಕಟ್ಟಿದ ಕಂಪನಿ, ದೇಶವಿಭಜನೆಯ ನಂತರ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಗುಲಾಮ್ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು. ಈ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಎತ್ತರ ಮೂತಿಯ ಸಿಜೆ3ಬಿ ಮಾದರಿ ಅಮೆರಿಕದಲ್ಲಿ 1968ರಲ್ಲಿ ನಿಂತರೂ, ಅದೇ ಮೂತಿಯ ಜೀಪು ನಮ್ಮಲ್ಲಿ ದಶಕಗಳ ಕಾಲ ತಯಾರಾಯಿತು.

ಮಲೆನಾಡಿಗೆ ಬಂದ ಜೀಪಿಗೆ ಸೇನೆಯ ಲೆಕ್ಕ ಗೊತ್ತಿದ್ದರೂ ಪ್ರಯೋಜನವಿರಲಿಲ್ಲ. ಕಾಫಿಯ ಮೂಟೆ 50 ಕಿಲೋ. ಐದು ಮೂಟೆ ಹೇರಿ ಡ್ರೈವರ್ ಹತ್ತಿ ಕೂತರೆ 272 ಕಿಲೋ ಅಲ್ಲೇ ದಾಟಿತು. ಐದೇ ಮೂಟೆ ಯಾರು ಹೇರುತ್ತಿದ್ದರು? ಮದುವೆಗೆ, ಆಸ್ಪತ್ರೆಗೆ, ಸಂತೆಗೆ ಹನ್ನೆರಡು ಜನ. ಬಸ್ಸು ಹೋಗದ ಊರಿಗೆ ಜೀಪೇ ಬಸ್ಸು. ಸಾಲದ್ದಕ್ಕೆ ಪೆಟ್ರೋಲಿನ ಖರ್ಚು ತಾಳಲಾರದೆ ಎಷ್ಟೋ ಜನ ಮ್ಯಾಟಡೋರ್ ವ್ಯಾನಿನಂಥ ಗಾಡಿಗಳ ಡೀಸೆಲ್ ಎಂಜಿನ್ ತಂದು ಕೂರಿಸಿದರು. ಅದು ಭಾರದ ಎಂಜಿನ್. ಹಿಂದೆ ಮೂಟೆಯಿಂದ, ಮುಂದೆ ಎಂಜಿನ್ನಿನಿಂದ ಕಮಾನು ಚಪ್ಪಟೆಯಾಯಿತು.

ಪರಿಹಾರ ಊರಿನಲ್ಲೇ ಇತ್ತು. ಗುಜರಿಯಿಂದ ಅಗಲ ಹೊಂದುವ ಪಟ್ಟಿ ತರುವುದು, ಉದ್ದಕ್ಕೆ ತಕ್ಕಂತೆ ಕತ್ತರಿಸುವುದು, ನಡುವೆ ಸೆಂಟರ್ ಬೋಲ್ಟಿಗೆ ತೂತು ಕೊರೆಯುವುದು, ಕಟ್ಟಿಗೆ ಸೇರಿಸಿ ಯು-ಬೋಲ್ಟ್ ಬಿಗಿಯುವುದು. ಸೋತ ಪಟ್ಟಿಯನ್ನು ಅಡಿಗಲ್ಲಿನ ಮೇಲಿಟ್ಟು ತಣ್ಣಗಿರುವಾಗಲೇ ಬಡಿದು ಮತ್ತೆ ಬಾಗಿಸುವುದು. ತಿಳಿದ ಕಮ್ಮಾರ ಅದನ್ನು ಕುಲುಮೆಗೆ ಹಾಕುತ್ತಿರಲಿಲ್ಲ. ಹದ ತಪ್ಪಿ ಕಾಸಿದರೆ ಸ್ಪ್ರಿಂಗ್ ಉಕ್ಕು ತನ್ನ ಗುಣ ಕಳೆದುಕೊಳ್ಳುತ್ತದೆ. ಕತ್ತಿ ಮಾಡುವಾಗ ಮಾತ್ರ ಕಾಸುತ್ತಿದ್ದ; ಮುರಿದ ಪಟ್ಟಿ ಕೊನೆಗೆ ತೋಟದ ಕತ್ತಿಯಾಗುತ್ತಿತ್ತು.

ಇದರ ಹಿಂದಿನ ಲೆಕ್ಕ ಸರಳ. ಒಂದೇ ದಪ್ಪದ ಹತ್ತು ಪಟ್ಟಿಗಳ ಕಟ್ಟಿಗೆ ಹನ್ನೊಂದನೆಯದು ಸೇರಿದರೆ ಬಿರುಸು ಸುಮಾರು ಶೇಕಡಾ 10 ಹೆಚ್ಚುತ್ತದೆ. ಆದರೆ ಬಿರುಸು ಪಟ್ಟಿಯ ದಪ್ಪದ ಘನಕ್ಕೆ ಅನುಗುಣ. ಅದೇ ಹತ್ತು ಪಟ್ಟಿಗಳ ದಪ್ಪ ಶೇಕಡಾ 10 ಹೆಚ್ಚಾದರೆ ಬಿರುಸು ಶೇಕಡಾ 33 ಏರುತ್ತದೆ. ಉದ್ದ ಶೇಕಡಾ 10 ಹೆಚ್ಚಾದರೆ ಬಿರುಸು ಕಾಲುಭಾಗ ಇಳಿಯುತ್ತದೆ. ಲಾರಿಯಿಂದ ಕಿತ್ತ ದಪ್ಪ ಪಟ್ಟಿಯೊಂದನ್ನು ಜೀಪಿಗೆ ಹಾಕಿದರೆ ಅದು ‘ಇನ್ನೊಂದು ಪಟ್ಟಿ’ ಅಲ್ಲ. ಅದೊಂದೇ ಹಲವು ಪಟ್ಟಿಗಳ ಕೆಲಸ ಮಾಡುತ್ತದೆ. ಸೂತ್ರ ಗೊತ್ತಿಲ್ಲದಿದ್ದರೂ ಕೈಗೆ ಇದು ಗೊತ್ತಿತ್ತು. ‘ದಪ್ಪದ್ದು ಬೇಡ’ ಎಂದು ನಮ್ಮೂರ ಮೆಕ್ಯಾನಿಕ್ ಹೇಳಿದ್ದು ನೆನಪಿದೆ.

ಮಾವ ಕೇಳಲಿಲ್ಲ. ದಪ್ಪದ ಪಟ್ಟಿಯನ್ನೇ ಹಾಕಿಸಿದರು. ಜೀಪು ಹಿಂದೆ ಕುಸಿಯುವುದು ನಿಂತಿತು, ಮೂಟೆ ಎಷ್ಟಾದರೂ ಹಿಡಿಯಿತು. ಎರಡು ಮಳೆಗಾಲ ಕಳೆದ ಮೇಲೆ ಕಮಾನು ನೇತಾಡುವ ಬ್ರ್ಯಾಕೆಟಿನ ಪಕ್ಕದಲ್ಲಿ ಚಾಸಿ ಸೀಳಿತು. ಇಳಿಜಾರಿನಲ್ಲಿ ಗಾಡಿ ಒಂದು ಕಡೆಗೆ ಎಳೆದು ಚರಂಡಿಗಿಳಿಯಿತು. ಹಿಂದೆ ಕೂತಿದ್ದ ಕೆಲಸದ ಹೆಂಗಸೊಬ್ಬರ ಕೈ ಮುರಿಯಿತು. ಮನೆಯಲ್ಲಿ ಆ ಕಥೆಯನ್ನು ಹೇಳುವಾಗ ಇಂದಿಗೂ ‘ಚಾಸಿ ಕೈಕೊಟ್ಟಿತು’ ಎನ್ನುತ್ತಾರೆ. ಚಾಸಿ ಕೈಕೊಡಲಿಲ್ಲ. ಕಮಾನು ಬಾಗಿ ನುಂಗಬೇಕಾದ ಪೆಟ್ಟನ್ನು ಬಾಗಲಾರದ ಭಾಗಕ್ಕೆ ದಾಟಿಸಿದ್ದು ನಾವು. ಮುರಿಯುವುದು ತಪ್ಪಲಿಲ್ಲ, ಮುರಿಯುವ ಜಾಗ ಬದಲಾಯಿತು.

ಈಗ ತೋಟಕ್ಕೆ ಪಿಕಪ್ ಬಂದಿದೆ. ಹಳೆ ಜೀಪು ಹವ್ಯಾಸಿಗಳ ಕೈ ಸೇರಿದೆ. ಅವರಿಗೆ ಬೇಕಾದದ್ದು ಮೂಟೆಯಲ್ಲ, ಬಂಡೆಯ ಮೇಲೆ ನಾಲ್ಕೂ ಚಕ್ರ ನೆಲ ಮುಟ್ಟುವುದು. ಅದಕ್ಕೆ ಪಟ್ಟಿ ಕಡಿಮೆ ಮಾಡುತ್ತಾರೆ, ಉದ್ದದ ಶ್ಯಾಕಲ್ ಹಾಕುತ್ತಾರೆ, ಆಕ್ಸಲ್‌ನ ಕೆಳಗಿದ್ದ ಕಮಾನನ್ನು ಮೇಲಕ್ಕೆ ತಂದು ಗಾಡಿಯನ್ನು ಎತ್ತರಿಸುತ್ತಾರೆ. ಇಲ್ಲೂ ಲೆಕ್ಕ ತಪ್ಪುವುದಿಲ್ಲ. ಮುಂದಿನ ಶ್ಯಾಕಲ್ ಉದ್ದವಾದರೆ ಸ್ಟಿಯರಿಂಗಿನ ಕೋನ ಬದಲಾಗಿ ವೇಗದಲ್ಲಿ ಗಾಡಿ ಅಲೆಯುತ್ತದೆ. ಕಮಾನು ಆಕ್ಸಲ್ ಮೇಲೆ ಕೂತರೆ, ಜೋರಾಗಿ ಎಳೆಯುವಾಗ ಆಕ್ಸಲ್ ತಿರುಚಿಕೊಂಡು ಕಮಾನು ಅಲೆಯಂತೆ ಸುತ್ತಿಕೊಳ್ಳಲು ನೋಡುತ್ತದೆ. ಎತ್ತರವಾದಷ್ಟೂ ಮಗುಚುವುದು ಸುಲಭ.

ಕಾನೂನು ಈ ಕೈಕೆಲಸದ ಪರವಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಿಗದಿಪಡಿಸಿದ್ದಕ್ಕೆ ವ್ಯತ್ಯಾಸವಾಗುವಂತೆ ನೋಂದಣಿ ವಿವರಗಳನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ತಯಾರಕರ ಲೆಕ್ಕಕ್ಕೆ ಬೆಲೆ ಕೊಡಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ 600 ಪೌಂಡಿನ ಗಾಡಿ ನಮ್ಮ ಬೆಟ್ಟದ ಊರುಗಳನ್ನು ಅಷ್ಟು ವರ್ಷ ಹೊತ್ತದ್ದು ಆ ಲೆಕ್ಕವನ್ನು ಮೀರಿದ ಕೈಗಳಿಂದ. ಆ ಕೈಗಳಿಗೆ ಗೊತ್ತಿದ್ದದ್ದನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ಕೇಳಿದಾಗಲೂ ಮಾವನ ಹಾಗೆ ಕೇಳಿದೆವು.

ಕೊಡಚಾದ್ರಿಗೋ ಮಾಂದಲ್‌ಪಟ್ಟಿಗೋ ಹೋಗುವ ಜೀಪು ಹತ್ತುವ ಮುನ್ನ ಒಮ್ಮೆ ಬಗ್ಗಿ ಹಿಂದಿನ ಕಮಾನನ್ನು ನೋಡಿ. ಎಲ್ಲರೂ ಕೂತ ಮೇಲೂ ಅದರಲ್ಲಿ ಬಾಗು ಉಳಿದಿದೆಯೇ? ಆಕ್ಸಲ್ ಮತ್ತು ಚಾಸಿಯ ನಡುವೆ ಜಾಗವಿದೆಯೇ? ಎರಡೂ ಇಲ್ಲದಿದ್ದರೆ ಮುಂದಿನ ಗುಂಡಿಯ ಪೆಟ್ಟು ನೇರ ಚಾಸಿಗೆ. ಇನ್ನೊಂದು ಜೀಪು ಬರುವವರೆಗೆ ಕಾಯಿರಿ.

ಅಂದಹಾಗೆ, ಕೈಪಿಡಿಯಲ್ಲಿ ನಾನು ‘ಕಮಾನು ಪಟ್ಟಿ’ ಎಂದು ಬರೆದೆ.