ಹೆಜ್ಜೆ ಎಣಿಸಿ ಕಟ್ಟಿದ ಅಡುಗೆಮನೆ

ಹಬ್ಬ ಹತ್ತಿರ ಬಂದಾಗ ಪತ್ರಿಕೆ ಬಿಡಿಸಿದರೆ ಒಳಗಿನಿಂದ ಬಣ್ಣದ ಕರಪತ್ರವೊಂದು ಜಾರಿ ಬೀಳುವುದುಂಟು. ಮಿರಮಿರ ಮಿಂಚುವ ಕಪಾಟುಗಳ ಸಾಲು, ನಡುವೆ ನಗುತ್ತ ನಿಂತ ಗೃಹಿಣಿ, ಮೇಲೆ ದಪ್ಪಕ್ಷರದಲ್ಲಿ ‘ಮಾಡ್ಯುಲರ್ ಕಿಚನ್ ಅರ್ಧ ಬೆಲೆಗೆ’ ಎಂಬ ಘೋಷಣೆ. ಯಾವ ಬೆಲೆಯ ಅರ್ಧ ಎಂದು ಯಾರೂ ಕೇಳುವುದಿಲ್ಲ. ಸ್ಕೂಟರಿಗೆ ಗೊತ್ತಾದ ದರವಿದೆ, ಫ್ರಿಜ್ಜಿಗೂ ಇದೆ. ಗೋಡೆಯ ಅಳತೆಗೆ ತಕ್ಕಂತೆ ಕೂರಿಸುವ ಅಡುಗೆಮನೆಗೆ ಅಂಥ ದರವಿಲ್ಲ. ನಿಮ್ಮ ಮನೆಯದು ಪಕ್ಕದ ಮನೆಯದರಂತೆ ಇರುವುದಿಲ್ಲ. ಹೋಲಿಸಿ ನೋಡಲಾಗದ ವಸ್ತುವಿನ ಮೇಲೆ ರಿಯಾಯಿತಿ ಸಾರುವುದು ಸುಲಭ.

ವಿಚಿತ್ರವೆಂದರೆ, ಈ ಬಗೆಯ ಅಡುಗೆಮನೆ ಹುಟ್ಟಿದ್ದೇ ಉಳಿತಾಯಕ್ಕಾಗಿ. ಹೆಂಗಸಿನ ಶ್ರಮ, ಮನೆಯ ಜಾಗ, ಬಾಡಿಗೆದಾರನ ಹಣ ಈ ಮೂರನ್ನೂ ಉಳಿಸುವ ಲೆಕ್ಕಾಚಾರದಿಂದ ಅದು ಬಂತು. ಆ ಲೆಕ್ಕ ಹೇಗೆ ಶುರುವಾಯಿತು, ಎಲ್ಲಿ ತಪ್ಪಿತು ಎಂದು ತಿಳಿದರೆ ಇಂದು ಅಂಗಡಿಯ ಮೆಟ್ಟಿಲು ಹತ್ತುವವರಿಗೆ ಉಪಯೋಗವಿದೆ.

ಅಮೆರಿಕದ ಲೆಕ್ಕ

1869ರಲ್ಲಿ ಅಮೆರಿಕದ ಕ್ಯಾಥರೀನ್ ಬೀಚರ್, ತಮ್ಮ ತಂಗಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಜತೆ ಸೇರಿ ಗೃಹಕೃತ್ಯದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಹಿಟ್ಟಿನ ಡಬ್ಬ, ಕೆಲಸದ ಹಲಗೆ, ತೊಳೆಯುವ ತೊಟ್ಟಿ ಎಲ್ಲವೂ ಒಂದೇ ಸಾಲಿನಲ್ಲಿ ಕೈಗೆಟುಕುವಂತಿರಬೇಕು ಎಂಬುದು ಅದರಲ್ಲಿದ್ದ ಸಲಹೆ. ಹಡಗಿನ ಅಡುಗೆಕೋಣೆ ಅವರಿಗೆ ಮಾದರಿ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಫ್ರೆಡರಿಕ್ ಟೇಲರ್ ಕಾರ್ಖಾನೆಯ ಕೆಲಸಗಾರರ ಚಲನೆಯನ್ನು ಗಡಿಯಾರ ಹಿಡಿದು ಅಳೆದರು. ಅದೇ ವಿಧಾನವನ್ನು ಕ್ರಿಸ್ಟೀನ್ ಫ್ರೆಡರಿಕ್ ಎಂಬ ಗೃಹಿಣಿ ಮನೆಗೆ ತಂದರು. ಒಲೆಯಿಂದ ಕಪಾಟಿಗೆ ಎಷ್ಟು ಹೆಜ್ಜೆ, ಅಲ್ಲಿಂದ ತೊಟ್ಟಿಗೆ ಎಷ್ಟು ಎಂದು ಎಣಿಸಿದರು. 1913ರಲ್ಲಿ ಅವರ ಪುಸ್ತಕ ಬಂತು. ಹೆಂಗಸು ದಿನವಿಡೀ ದಣಿಯುವುದು ಕೆಲಸದಿಂದಷ್ಟೇ ಅಲ್ಲ, ಅಡ್ಡಾದಿಡ್ಡಿ ಜೋಡಣೆಯಿಂದಲೂ ಹೌದು ಎಂಬುದು ಅದರ ತಿರುಳು.

ಈ ಹೆಜ್ಜೆಯ ಲೆಕ್ಕ ಬಹುಬೇಗ ವ್ಯಾಪಾರಿಗಳ ಕಣ್ಣಿಗೆ ಬಿತ್ತು. ಇಂಡಿಯಾನಾ ರಾಜ್ಯದ ಹೂಸಿಯರ್ ಕಂಪೆನಿ ಹಿಟ್ಟಿನ ಜರಡಿ, ಮಸಾಲೆ ಡಬ್ಬಿ, ಕೆಲಸದ ಹಲಗೆ ಎಲ್ಲವನ್ನೂ ಅಡಕ ಮಾಡಿದ ಬೀರುವನ್ನು ಮಾರುತ್ತಿತ್ತು. ಇದರಿಂದ ಗೃಹಿಣಿಗೆ ಎಷ್ಟೋ ಮೈಲಿ ನಡಿಗೆ ಉಳಿಯುತ್ತದೆ ಎಂದು ಜಾಹೀರಾತು. ಮೊದಲು ಒಂದು ಡಾಲರ್ ಕೊಟ್ಟರೆ ಬೀರು ಮನೆಗೆ. ಉಳಿದದ್ದು ವಾರಕ್ಕೊಂದು ಡಾಲರಿನ ಕಂತು. ಹೆಜ್ಜೆ ಎಣಿಸಿದ ಕ್ರಿಸ್ಟೀನ್ ಅವರೇ ಈ ಕಂಪೆನಿಗೆ ಪ್ರಚಾರದ ಪುಸ್ತಿಕೆ ಬರೆದುಕೊಟ್ಟರು. 1929ರಲ್ಲಿ ಅವರು ಬರೆದದ್ದು, ಗೃಹಿಣಿಗೆ ಸರಕು ಮಾರುವುದು ಹೇಗೆಂದು ವ್ಯಾಪಾರಿಗಳಿಗೆ ಹೇಳಿಕೊಡುವ ಪುಸ್ತಕ! ಶ್ರಮ ಉಳಿಸಲು ಹುಟ್ಟಿದ ಅಳತೆ ಸರಕು ಸಾಗಿಸುವ ಉಪಾಯವಾಗಲು ಹದಿನಾರು ವರ್ಷ ಸಾಕಾಯಿತು.

ಫ್ರಾಂಕ್‌ಫರ್ಟಿನ ಪ್ರಯೋಗ

ಅದೇ ಲೆಕ್ಕ ಜರ್ಮನಿಯಲ್ಲಿ ಬೇರೆ ದಾರಿ ಹಿಡಿಯಿತು. ಮೊದಲ ಮಹಾಯುದ್ಧದ ನಂತರ ಅಲ್ಲಿ ಮನೆಗಳಿಗೆ ವಿಪರೀತ ಅಭಾವ. ಫ್ರಾಂಕ್‌ಫರ್ಟ್ ನಗರಾಡಳಿತ ವಾಸ್ತುಶಿಲ್ಪಿ ಅರ್ನ್ಸ್ಟ್ ಮೇ ಅವರ ನೇತೃತ್ವದಲ್ಲಿ ದುಡಿಯುವ ವರ್ಗದವರಿಗಾಗಿ ಸಾವಿರಾರು ಮನೆಗಳನ್ನು ಕಟ್ಟಿಸಲು ಹೊರಟಿತು. ಅಡುಗೆಮನೆಯ ಹೊಣೆ ಬಿದ್ದದ್ದು ವಿಯೆನ್ನಾದ 29 ವರ್ಷದ ವಾಸ್ತುಶಿಲ್ಪಿ ಮಾರ್ಗರೇಟ ಲಿಹೊಟ್‌ಸ್ಕಿ ಅವರ ಮೇಲೆ. ಅದು 1926ನೇ ಇಸವಿ.

ಅವರು ರೈಲಿನ ಊಟದ ಬೋಗಿಯ ಪುಟ್ಟ ಅಡುಗೆಕೋಣೆಯನ್ನು ನೋಡಿದರು. ಅಷ್ಟು ಇಕ್ಕಟ್ಟಿನಲ್ಲಿ ಅಷ್ಟೊಂದು ಜನರಿಗೆ ಅಡುಗೆ ಆಗುವುದಾದರೆ ಮನೆಯಲ್ಲೇಕೆ ಆಗದು? ಅವರು ರೂಪಿಸಿದ ಕೋಣೆಯ ಅಗಲ 1.9 ಮೀಟರ್, ಉದ್ದ 3.4 ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು ಆರೂಕಾಲು ಅಡಿಗೆ ಹನ್ನೊಂದು ಅಡಿ. ಹಿಟ್ಟು ಇಡಲು ಹುಳು ಹತ್ತದ ಓಕ್ ಮರ, ಕತ್ತರಿಸುವ ಜಾಗಕ್ಕೆ ಕಲೆ ಹಿಡಿಯದ ಬೀಚ್ ಮರ. ಅಕ್ಕಿ, ಸಕ್ಕರೆ ಮುಂತಾದವಕ್ಕೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಿಗಳ ಸಾಲು. ಗೋಡೆಗೆ ಮಡಚಿಡುವ ಇಸ್ತ್ರಿ ಹಲಗೆ, ಕೂತು ಕೆಲಸ ಮಾಡಲು ತಿರುಗುವ ಸ್ಟೂಲು. ಕಪಾಟುಗಳಿಗೆ ನೀಲಿ ಮಿಶ್ರಿತ ಹಸಿರು ಬಣ್ಣ. ಆ ಬಣ್ಣದ ಮೇಲೆ ನೊಣ ಕೂರುವುದಿಲ್ಲವೆಂಬ ನಂಬಿಕೆ ಆಗ ಇತ್ತು.

ಇಂಥ ಸುಮಾರು ಹತ್ತು ಸಾವಿರ ಅಡುಗೆಮನೆಗಳನ್ನು ಮಾಡಿಸಿ ಕೂರಿಸಲಾಯಿತು. ಕೊಂಡದ್ದು ಮನೆಯೊಡೆಯರಲ್ಲ, ನಗರಾಡಳಿತ. ವೆಚ್ಚ ಬಾಡಿಗೆಯಲ್ಲೇ ಸೇರಿಹೋಯಿತು. ಒಬ್ಬ ಗೃಹಿಣಿ ಒಬ್ಬ ವ್ಯಾಪಾರಿಯ ಮುಂದೆ ಚೌಕಾಸಿಗೆ ಕೂರುವ ಬದಲು, ಇಡೀ ಊರು ಹತ್ತು ಸಾವಿರ ಮನೆಗಳ ಪರವಾಗಿ ದರ ಕುದುರಿಸಿತು. ಜೋಡಿಸಿದ ಅಡುಗೆಮನೆಯ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಚೌಕಾಸಿ ನಡೆದಿರಲಾರದು.

ಆದರೂ ಅದರಲ್ಲೊಂದು ಕೊರತೆಯಿತ್ತು. ಕೋಣೆಯಲ್ಲಿ ಇಬ್ಬರು ನಿಂತು ಕೆಲಸ ಮಾಡುವುದು ಕಷ್ಟವಾಗಿತ್ತು. ಅಡುಗೆಮನೆಯಲ್ಲೇ ಕುಟುಂಬವೆಲ್ಲ ಕೂತು ಉಣ್ಣುವ ರೂಢಿಯಿದ್ದವರು ಇಕ್ಕಟ್ಟೆಂದು ಗೊಣಗಿದರು. ಹೆಜ್ಜೆಯೇನೋ ಉಳಿಯಿತು, ಹೆಂಗಸು ಒಂಟಿಯಾದಳು ಎಂದು 1970ರ ದಶಕದ ಸ್ತ್ರೀವಾದಿಗಳು ಟೀಕಿಸಿದರು. ತಾವು ಆ ಮೊದಲು ಎಂದೂ ಅಡುಗೆ ಮಾಡಿದವರಲ್ಲ ಎಂದು ಲಿಹೊಟ್‌ಸ್ಕಿ ವೃದ್ಧಾಪ್ಯದಲ್ಲಿ ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದರು. ನಾತ್ಸಿಗಳ ವಿರುದ್ಧ ಕೆಲಸ ಮಾಡಿ 1941ರಿಂದ 1945ರವರೆಗೆ ಸೆರೆಯಲ್ಲಿದ್ದ ಆ ದಿಟ್ಟೆ, ಜಗತ್ತು ತಮ್ಮನ್ನು ಬರೀ ಅಡುಗೆಮನೆಗಾಗಿ ನೆನೆಯುತ್ತದೆಂದು ಬೇಸರಪಡುತ್ತಿದ್ದರು. 103ನೇ ಹುಟ್ಟುಹಬ್ಬಕ್ಕೆ ಐದು ದಿನ ಇರುವಾಗ, 2000ದ ಜನವರಿಯಲ್ಲಿ ತೀರಿಕೊಂಡರು.

28 ದಿನದ ಬೆಲೆ

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ ಸರ್ಕಾರ ನಿರ್ವಸಿತರಿಗಾಗಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸಿದ್ಧ ಮನೆಗಳನ್ನು ಕೂರಿಸಿತು. ಅವುಗಳಲ್ಲೂ ಜೋಡಿಸಿದ ಅಡುಗೆಮನೆ ಇತ್ತು. ಯುದ್ಧವಿಮಾನಕ್ಕೆಂದು ಕೂಡಿಟ್ಟು ಮಿಕ್ಕ ಅಲ್ಯೂಮಿನಿಯಂನಿಂದ ‘ಇಂಗ್ಲಿಷ್ ರೋಸ್’ ಎಂಬ ಕಪಾಟುಗಳನ್ನು ಮಾಡಿ ಒಂದು ಕಂಪೆನಿ 1948ರಲ್ಲಿ ಮಾರುಕಟ್ಟೆಗೆ ತಂದಿತು. ಹೀಗೆ ಊರು, ಸರ್ಕಾರ ಕೊಳ್ಳುತ್ತಿದ್ದ ವಸ್ತು ಒಂಟಿ ಗಿರಾಕಿಯ ಪಾಲಿಗೆ ಬಂತು. ಅದರೊಂದಿಗೆ ಸದಾಕಾಲದ ‘ಅರ್ಧ ಬೆಲೆ’ಯೂ ಬಂತು.

ಇಂಥ ಹುಸಿ ರಿಯಾಯಿತಿಗಳನ್ನು ತಡೆಯಲು ಬ್ರಿಟನ್ 1968ರಲ್ಲಿ ಕಾಯಿದೆ ತಂದಿತು. ‘ಹಳೆಯ ಬೆಲೆ’ ಎಂದು ತೋರಿಸುವ ಮೊತ್ತಕ್ಕೆ ಹಿಂದಿನ ಆರು ತಿಂಗಳಲ್ಲಿ ಸತತ 28 ದಿನವಾದರೂ ಆ ವಸ್ತುವನ್ನು ಮಾರಾಟಕ್ಕೆ ಇಟ್ಟಿರಬೇಕು ಎಂಬುದು ಅದರ ಸಾರ. ಮಾರಾಟವಾಗಿರಬೇಕು ಎಂದೇನಿರಲಿಲ್ಲ, ಇಟ್ಟಿದ್ದರೆ ಸಾಕು. 28 ದಿನ ದರ ಏರಿಸಿಟ್ಟು, ಆಮೇಲೆ ಇಳಿಸಿ ತಮಟೆ ಬಾರಿಸುವವರಿಗೆ ಇಷ್ಟು ಸಂದು ಧಾರಾಳವಾಯಿತು.

ನಮ್ಮ ಕಟ್ಟೆಯ ಮಾತು

ನಮ್ಮ ಹಳೆಯ ಮನೆಗಳಲ್ಲಿ ಈಳಿಗೆಮಣೆ, ಒಲೆ, ನೀರಿನ ತಂಬಿಗೆ ಎಲ್ಲವೂ ಕೂತಲ್ಲೇ ಕೈಗೆ ಸಿಗುತ್ತಿದ್ದವು. ಗ್ಯಾಸ್ ಬಂದ ಮೇಲೆ ಒಲೆ ಕಟ್ಟೆಗೇರಿತು. ಅಡುಗೆಯವಳು ಎದ್ದು ನಿಂತಳು. ಈಗ ಕಟ್ಟೆಯ ಕೆಳಗೂ ಮೇಲೂ ಕಪಾಟು ಬಂದಿದೆ. ಆದ್ದರಿಂದ ಫ್ರಾಂಕ್‌ಫರ್ಟಿನ ಪಾಠ ನಮಗೂ ಸಲ್ಲುತ್ತದೆ.

ಆ ಊರು ದರ ಕುದುರಿಸಲು ಸಾಧ್ಯವಾದದ್ದು ಏನು ಬೇಕೆಂದು ಮೊದಲೇ ನಕ್ಷೆ ಬರೆದುಕೊಂಡಿದ್ದರಿಂದ. ನಾವೂ ಒಂದೇ ನಕ್ಷೆಯನ್ನು ಮೂರು ಅಂಗಡಿಗಳಿಗೆ ಕೊಟ್ಟು ದರ ಕೇಳಬೇಕು. ಪೆಟ್ಟಿಗೆ, ಬಾಗಿಲು, ಬಿಜಾಗರಿ, ಡ್ರಾಯರ್ ಚಾನೆಲ್, ಕಲ್ಲು, ಕೂಲಿ, ತೆರಿಗೆ ಎಂದು ಬಿಡಿಬಿಡಿಯಾಗಿ ಬರೆಸಿಕೊಂಡರೆ ಮಾತ್ರ ಹೋಲಿಕೆ ಸಾಧ್ಯ. ಅಡಿಯ ಲೆಕ್ಕವೆಂದರೆ ಉದ್ದದ ಅಡಿಯೋ ಚದರ ಅಡಿಯೋ ಎಂದು ಕೇಳಬೇಕು. ಲಿಹೊಟ್‌ಸ್ಕಿ ಒಂದೊಂದು ಕೆಲಸಕ್ಕೆ ಒಂದೊಂದು ಮರ ಆರಿಸಿದಂತೆ, ಸಿಂಕಿನ ಕೆಳಗಿನ ಪೆಟ್ಟಿಗೆಗೆ ಸಾಧಾರಣ ಪ್ಲೈವುಡ್ ಸಾಲದು. ಕುದಿನೀರಿಗೂ ಅಂಟು ಬಿಡದ, ಐಎಸ್ 710 ಗುರುತಿನ ಹಲಗೆಗೆ ಅಲ್ಲಿ ಎರಡು ಕಾಸು ಹೆಚ್ಚು ಕೊಡುವುದೇ ಲಾಭ. ಮೇಲಿನ ಕಪಾಟಿಗೆ ಅದು ಬೇಕಿಲ್ಲ. ಕೊನೆಯ ಕಂತನ್ನು ಕೊನೆಯ ಬಾಗಿಲು ಸರಿಯಾಗಿ ಮುಚ್ಚುವ ತನಕ ಕೈಯಲ್ಲಿಟ್ಟುಕೊಳ್ಳುವುದು ಜಾಣತನ.

ಇವೆಲ್ಲಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಒಲೆ, ಸಿಂಕು, ಫ್ರಿಜ್ಜು ಈ ಮೂರರ ನಡುವಿನ ದೂರ ಕೂಡಿದರೆ 26 ಅಡಿಯೊಳಗಿರಬೇಕೆಂದು ಅಮೆರಿಕದ ತಜ್ಞರು ಗೊತ್ತು ಮಾಡಿದ್ದಾರೆ. ಒಂದು ದಿನ ಬೆಳಗಿನ ಅಡುಗೆಯ ಹೊತ್ತಿನಲ್ಲಿ ಮನೆಯಲ್ಲೇ ಅಳೆದು ನೋಡಿ. ಒಮ್ಮೊಮ್ಮೆ ಫ್ರಿಜ್ಜನ್ನು ಸರಿಸಿ ಎರಡು ಹಲಗೆ ಹೊಡೆಸಿದರೆ ಸಾಕೆಂದು ತಿಳಿದೀತು. ಆಗ ಉಳಿಯುವುದು ಅರ್ಧ ಬೆಲೆಯಲ್ಲ, ಪೂರ್ತಿ ಬೆಲೆ. ಅಷ್ಟಾದ ಮೇಲೂ ಹೊಸದು ಬೇಕೆನಿಸಿದರೆ, ದರ ಮಾತನಾಡಲು ಹೋಗುವಾಗ ಮನೆಯಲ್ಲಿ ಅಡುಗೆ ಮಾಡುವವರನ್ನು ಜತೆಗೆ ಕರೆದುಕೊಂಡು ಹೋಗಿ.